ದಾದಿ ಹೇಳಿದ ಮಾತು

ಗಬ್ಬೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತರೆ ಬೈಪಾಸಿನ ಲಾರಿಗಳ ಸದ್ದು ಹಗಲೂ ರಾತ್ರಿಯೂ ಕೇಳಿಸುತ್ತದೆ. ಆ ಸದ್ದಿನ ನಡುವೆಯೇ ಉತ್ತರಪತ್ರಿಕೆ ತಿದ್ದುವುದು ನನಗೆ ರೂಢಿಯಾಗಿದೆ. ತಿದ್ದಿ ತಿದ್ದಿ ಬೇಸರ ಬಂದಾಗಲೇ ನನಗೊಂದು ಹುಕಿ ಬಂತು. ಶನಿವಾರದ ಮುಂಜಾನೆಯ ಸಾಲಿ ಬಿಟ್ಟ ಮೇಲೆ ಒಂಬತ್ತನೇ ವರ್ಗದ ಹುಡುಗಿಯರನ್ನು ಕೂಡಿಸಿಕೊಂಡು ಒಂದು ತಾಸು ಇಂಗ್ಲಿಷ್ ನಾಟಕ ಓದತೊಡಗಿದೆ. ಪಠ್ಯದಲ್ಲಿ ಇಲ್ಲದ್ದು, ಪರೀಕ್ಷೆಗೆ ಬಾರದ್ದು. ಒಂದು ಪುಟ ನಾನು ಇಂಗ್ಲಿಷಿನಲ್ಲಿ ಓದುವುದು, ಅದನ್ನು ನಮ್ಮ ಮಾತಿನಲ್ಲಿ ಹೇಳುವುದು, ಆಮೇಲೆ ಅವರ ಚರ್ಚೆ. ಮೊದಲು ಕೈಗೆತ್ತಿಕೊಂಡದ್ದು ಶೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’.

ಎರಡನೆಯ ಶನಿವಾರವೇ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. “ಅಕ್ಕೋರ, ಜೂಲಿಯೆಟ್‌ಗೆ ಎಷ್ಟ ವರ್ಷರೀ?”

“ಇನ್ನೂ ಹದಿನಾಲ್ಕು ತುಂಬಿಲ್ಲ” ಎಂದೆ.

ವರ್ಗವೆಲ್ಲ ಗಪ್ಪಾಯಿತು. ಆಮೇಲೆ ಯಾರೋ ಮೆಲ್ಲಗೆ, “ಅಂದ್ರ ನಮ್ಮ ವಾರಿಗಿಯಾಕಿ” ಎಂದರು.

ನನಗೆ ನಾಚಿಕೆಯಾಯಿತು. ಬಿ.ಎ.ದಲ್ಲಿ ಇದೇ ನಾಟಕ ನನಗೆ ಪಠ್ಯವಾಗಿತ್ತು. ಪ್ರಾಧ್ಯಾಪಕರು ನೋಟ್ಸ್ ಬರೆಸುತ್ತಿದ್ದರು, ನಾವು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದೆವು. ಇದು ವಿಧಿಯ ದುರಂತವೋ ಸ್ವಭಾವದ ದುರಂತವೋ ಎಂಬುದು ಪ್ರತಿವರ್ಷ ಬರುವ ಪ್ರಶ್ನೆ. ‘ವಿಧಿಯ ದುರಂತ’ ಎಂದು ನಾಲ್ಕು ಪುಟ ಬಾಯಿಪಾಠ ಮಾಡಿ ಬರೆದೆ, ಒಳ್ಳೆಯ ಮಾರ್ಕ್ಸೂ ಬಂದವು. ಆ ನಾಲ್ಕು ಪುಟಗಳಲ್ಲಿ ಹುಡುಗಿಯ ವಯಸ್ಸು ಒಂದು ಕಡೆಯೂ ಇರಲಿಲ್ಲ.

ಶೇಕ್ಸ್‌ಪಿಯರನಿಗೆ ಮಾತ್ರ ಅದು ಮರೆತಿರಲಿಲ್ಲ. ಅವನು ಆಧಾರ ಮಾಡಿಕೊಂಡದ್ದು ಆರ್ಥರ್ ಬ್ರೂಕ್ 1562ರಲ್ಲಿ ಬರೆದ ಕಥನಕಾವ್ಯವನ್ನು. ಅಲ್ಲಿ ಜೂಲಿಯೆಟ್ ಹದಿನಾರರ ಹತ್ತಿರದವಳು. ಇವನು ಬೇಕೆಂದೇ ಹದಿಮೂರಕ್ಕೆ ಇಳಿಸಿದ. ಇಳಿಸಿದ್ದಷ್ಟೇ ಅಲ್ಲ, ತಂದೆಯ ಬಾಯಲ್ಲಿ, ದಾದಿಯ ಬಾಯಲ್ಲಿ ಅದನ್ನು ಹೇಳಿಸಿದ. ಮೊದಲ ಅಂಕದಲ್ಲಿ ತಂದೆ ಕ್ಯಾಪುಲೆಟ್ ಎಷ್ಟು ತಿಳಿವಳಿಕೆಯ ಮನುಷ್ಯ! ವರ ಬಂದು ಕೇಳಿದರೆ, ಇನ್ನೆರಡು ವರ್ಷ ಹೋಗಲಿ, ಬೇಗ ತಾಯಾದವರು ಬೇಗ ಹಾಳಾಗುತ್ತಾರೆ ಎನ್ನುತ್ತಾನೆ. ನಾಟಕದ ಕಾಲದಲ್ಲಿ ಮೂರು ದಿನ ಕಳೆಯುವುದರೊಳಗೆ ಅದೇ ತಂದೆ, ಗುರುವಾರ ಮದುವೆ ಎಂದು ನಿಶ್ಚಯಿಸುತ್ತಾನೆ. ಮಗಳು ಒಲ್ಲೆ ಎಂದರೆ, ಬೀದಿಯಲ್ಲಿ ಬಿದ್ದು ಭಿಕ್ಷೆ ಬೇಡಿ ಸಾಯಿ ಎನ್ನುತ್ತಾನೆ. ಆಕೆ ಒಪ್ಪಿದಂತೆ ನಟಿಸಿದಾಗ ಖುಷಿಯಲ್ಲಿ ಗುರುವಾರದ ಮದುವೆಯನ್ನು ಬುಧವಾರಕ್ಕೇ ತರುತ್ತಾನೆ.

ನೀವೇ ಹೇಳಿರಿ, ಈ ತಂದೆಯನ್ನು ನಾವು ಕಂಡಿಲ್ಲವೆ? ನಮ್ಮ ಮಗಳು ಓದಲಿ ಎಂದು ಜೂನಿನಲ್ಲಿ ಹೇಳಿ, ಒಳ್ಳೆಯ ಮನೆತನ ತಾನಾಗಿ ಬಂದಿದೆ ಎಂದು ಡಿಸೆಂಬರಿನಲ್ಲಿ ಮಾತು ತಿರುಗಿಸುವವನು ಕೆಟ್ಟವನೇನಲ್ಲ. ಶೇಕ್ಸ್‌ಪಿಯರನೂ ಅವನನ್ನು ರಾಕ್ಷಸನನ್ನಾಗಿ ಮಾಡಿಲ್ಲ. ಅಡಿಗೆಯವರನ್ನು ಕರೆಸಿ, ತಾನೇ ಓಡಾಡಿ, ರಾತ್ರಿಯಿಡೀ ನಿದ್ದೆಗೆಟ್ಟು ಮದುವೆಯ ತಯಾರಿ ಮಾಡುವ ತಂದೆಯನ್ನೇ ಅವನು ತೋರಿಸುತ್ತಾನೆ. ಅದಕ್ಕೇ ಆ ದೃಶ್ಯ ಹೆಚ್ಚು ಭಯ ಹುಟ್ಟಿಸುತ್ತದೆ.

ಇಂಗ್ಲಿಷ್ ನಾಟಕಗಳು ನಮ್ಮ ನೆಲಕ್ಕೆ ಹೊಸವಲ್ಲ. ನಮ್ಮ ಭಾಗದಲ್ಲಿ ಕನ್ನಡ ಸಾಲಿಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂದು 1871ರಲ್ಲಿಯೇ ಕನ್ನಡಕ್ಕೆ ತಂದರು. ಜೂಲಿಯೆಟ್ ಕನ್ನಡಕ್ಕೆ ಬಂದದ್ದು 1889ರಲ್ಲಿ, ಸಿ. ಆನಂದರಾಯರ ‘ರಾಮವರ್ಮ ಲೀಲಾವತಿ’ಯಾಗಿ. ಆದರೆ ಅಲ್ಲಿ ಕೊನೆ ಬೇರೆ. ಸತ್ತ ಪ್ರೇಮಿಗಳನ್ನು ಸಾಕ್ಷಾತ್ ವಿಷ್ಣುವೇ ಬಂದು ಬದುಕಿಸುತ್ತಾನೆ. ಭಾಸನ ‘ಊರುಭಂಗ’ದಂಥ ಒಂದೆರಡನ್ನು ಬಿಟ್ಟರೆ ನಮ್ಮ ಸಂಸ್ಕೃತ ನಾಟಕಗಳು ಮಂಗಳದಲ್ಲಿಯೇ ಮುಗಿಯುತ್ತಿದ್ದವು. ನೋಡಲು ಬಂದವರು ಕಣ್ಣೀರಿನಲ್ಲಿ ಮನೆಗೆ ಹೋಗಬಾರದು ಎಂಬುದು ಒಂದು ಸಂಸ್ಕಾರ. ಅದನ್ನು ನಗಬೇಕಾಗಿಲ್ಲ.

ಹುಡುಗಿಯರಿಗೆ ಈ ಎರಡೂ ಕೊನೆಗಳನ್ನು ಹೇಳಿ, ಯಾವುದು ಬೇಕು ಎಂದು ಕೇಳಿದೆ. ಅರ್ಧಕ್ಕಿಂತ ಹೆಚ್ಚು ಕೈಗಳು ವಿಷ್ಣುವಿಗೆ ಎದ್ದವು. “ಸಾಯೋದು ಯಾಕ ಬೇಕ್ರೀ, ನೋಡಾಕ ಆಗೂದಿಲ್ಲ” ಎಂದಳು ಒಬ್ಬಳು. ಆಗ ಮೊದಲು ವಯಸ್ಸು ಕೇಳಿದವಳೇ ಎದ್ದು ನಿಂತಳು. “ದೇವರು ಎಬ್ಬಿಸಿದ ಮ್ಯಾಲೆ ಆಕಿ ಮತ್ತ ಅದ ಮನಿಗೇ ಹೋಗಬೇಕಲ್ರೀ?”

ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಮಾತು ನನಗೆ ಸಿಕ್ಕಿರಲಿಲ್ಲ. ಆನಂದರಾಯರ ನಾಟಕ ಬಂದ ಎರಡು ವರ್ಷಕ್ಕೆ, 1891ರಲ್ಲಿ, ಬ್ರಿಟಿಷ್ ಸರಕಾರ ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು. ಅದಕ್ಕೇ ದೇಶದಲ್ಲಿ ದೊಡ್ಡ ಗದ್ದಲವಾಯಿತು. 1894ರಲ್ಲಿ ಮೈಸೂರು ಸಂಸ್ಥಾನ ಎಂಟು ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿತು. ಅಂಥ ಕಾಲದಲ್ಲಿ ಹದಿಮೂರರ ಹುಡುಗಿಗೆ ಮದುವೆ ಗೊತ್ತು ಮಾಡಿದರೆ ಯಾರಿಗೂ ಸೋಜಿಗವಿರಲಿಲ್ಲ. ಕಣ್ಣಿಗೆ ಚುಚ್ಚಿದ್ದು ಸಾವು ಮಾತ್ರ. ಅದನ್ನಷ್ಟೇ ತಿದ್ದಿದರು.

ನಾನು ಬಾಯಿಪಾಠ ಮಾಡಿದ ‘ವಿಧಿ’ಯೂ ಆನಂದರಾಯರ ವಿಷ್ಣುವೂ ಮಾಡಿದ ಕೆಲಸ ಒಂದೇ ಎಂದು ಈಗ ನನಗೆ ಅನಿಸುತ್ತದೆ. ವಿಧಿ ಎಂದರೆ ಮನೆಯವರದು ತಪ್ಪಿಲ್ಲ. ದೇವರು ಬದುಕಿಸಿದರೂ ಮನೆಯವರದು ತಪ್ಪಿಲ್ಲ. ಪಾದ್ರಿಯ ಪತ್ರ ರೋಮಿಯೋಗೆ ತಲುಪದೇ ಹೋದದ್ದು ನಿಜ. ಪ್ಲೇಗಿನ ಅನುಮಾನದಿಂದ ಪತ್ರ ಒಯ್ಯುವವನನ್ನು ಒಂದು ಮನೆಯಲ್ಲಿ ಕೂಡಿಹಾಕಿದ್ದರು. ಆದರೆ ಹುಡುಗಿ ವಿಷದಂಥ ಔಷಧ ಕುಡಿದು ಗೋರಿಯಲ್ಲಿ ಮಲಗುವ ಮಟ್ಟಕ್ಕೆ ಬಂದದ್ದು ಪತ್ರ ತಪ್ಪುವುದಕ್ಕಿಂತ ಮೊದಲು. ಮನೆಯೊಳಗಿನ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿದ ಮೇಲೆ. ತಂದೆ ಬೈದ, ತಾಯಿ ನಿನ್ನ ಗೊಡವೆ ನನಗೆ ಬೇಡ ಎಂದು ಎದ್ದುಹೋದಳು. ಕೊನೆಗೆ ಉಳಿದವಳು ದಾದಿ.

ಆ ದಾದಿ ಎದೆಹಾಲು ಕುಡಿಸಿ ಬೆಳೆಸಿದವಳು. ರೋಮಿಯೋನೊಂದಿಗೆ ಗುಟ್ಟಾಗಿ ಮದುವೆಯಾಗಲು ಓಡಾಡಿದವಳು. ಏನಾದರೂ ಸಮಾಧಾನ ಹೇಳು ಎಂದು ಹುಡುಗಿ ಬೇಡಿದಾಗ ಅವಳು ಹೇಳುವುದೇನು? ಆ ಹುಡುಗ ದೂರವಾದ, ಈ ವರ ಚೆಲುವ, ಇವನನ್ನೇ ಮಾಡಿಕೋ. ಪ್ರೀತಿಯಿಂದಲೇ ಹೇಳುತ್ತಾಳೆ. ಇಡೀ ನಾಟಕದಲ್ಲಿ ಕತ್ತಿಗಿಂತ ಹರಿತವಾದದ್ದು ಈ ಮಾತು ಎಂದು ನಾನು ತಿಳಿದಿದ್ದೇನೆ. ಇದನ್ನು ಕೇಳಿದ ಮೇಲೆ ಜೂಲಿಯೆಟ್ ಮನೆಯಲ್ಲಿ ಯಾರೊಂದಿಗೂ ನಿಜ ಮಾತಾಡುವುದಿಲ್ಲ.

ಇದು ನನಗೆ ಹೇಗೆ ಗೊತ್ತೆಂದರೆ, ನಾನೂ ಅದನ್ನೇ ಹೇಳಿದವಳು. ಇಪ್ಪತ್ತು ವರ್ಷದ ಹಿಂದೆ ಹತ್ತನೇ ವರ್ಗದ ಹುಡುಗಿಯೊಬ್ಬಳು ಊಟದ ಬಿಡುವಿನಲ್ಲಿ ಬಂದು, ಮದುವೆ ಗೊತ್ತು ಮಾಡ್ಯಾರ್ರೀ ಎಂದು ಸೆರಗಿನಂತೆ ಓಢಣಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಕಾನೂನು ಹದಿನೆಂಟು ಎನ್ನುತ್ತದೆ ಎಂದು ನನಗೆ ಗೊತ್ತಿತ್ತು. ಪೌರನೀತಿ ಕಲಿಸುತ್ತಿದ್ದವಳೂ ನಾನೇ. ಆದರೂ, “ಮನೆತನ ಚಲೋ ಐತಂತ, ಹೊಂದಿಕೊಂಡು ಹೋಗವ್ವ” ಎಂದೆ. ಪ್ರೀತಿಯಿಂದಲೇ ಎಂದೆ. ಅವಳು ಹೂಂ ಎಂದು ತಲೆ ಆಡಿಸಿ ಹೋದಳು. ಮತ್ತೆಂದೂ ನನ್ನ ಹತ್ತಿರ ಏನನ್ನೂ ಹೇಳಲಿಲ್ಲ. 2020ರಲ್ಲಿ ಸಾಲಿ ಮುಚ್ಚಿ, ಮತ್ತೆ ತೆರೆದಾಗ ನನ್ನ ವರ್ಗದಲ್ಲಿ ಇಬ್ಬರು ಬರಲಿಲ್ಲ. ಮದುವೆಯಾಯಿತಂತೆ ಎಂದು ಉಳಿದವರು ಹೇಳಿದರು. ಅವರು ಹೇಳಬೇಕೆಂದರೂ ಹೇಳಲು ನಾನು ಎದುರಿಗಿರಲಿಲ್ಲ.

ನಾಟಕದ ಕೊನೆಗೆ ಇಬ್ಬರು ತಂದೆಯರೂ ಕೈ ಹಿಡಿದು, ಸತ್ತ ಮಕ್ಕಳಿಗೆ ಬಂಗಾರದ ಮೂರ್ತಿ ಮಾಡಿಸುವ ಮಾತಾಡುತ್ತಾರೆ. ಬದುಕಿದ್ದಾಗ ಬೀದಿಗೆ ನೂಕುತ್ತೇನೆ ಎಂದ ಮಗಳಿಗೆ ಸತ್ತ ಮೇಲೆ ಬಂಗಾರ! ಶೇಕ್ಸ್‌ಪಿಯರ್ ಇಲ್ಲಿ ಅವರನ್ನು ಕ್ಷಮಿಸಿದನೋ ಹಂಗಿಸಿದನೋ ಎಂದು ಪಂಡಿತರು ವಾದಿಸಲಿ. ನನಗಂತೂ ಅದು ಹಂಗಿಸಿದಂತೆಯೇ ಕೇಳುತ್ತದೆ. ದುರಂತ ನಾಟಕವನ್ನು ದುರಂತವಾಗಿಯೇ ಓದಬೇಕು ಎಂದು ನಾನು ಹೇಳುವುದು ಇದಕ್ಕೇ. ದೇವರು ಬಂದು ಎಬ್ಬಿಸಿದರೆ ಆ ಮಾತು ಕೇಳಿಸುವುದಿಲ್ಲ.

ಕಳೆದ ಬೇಸಿಗೆ ರಜೆಗೆ ಮುಂಚೆ ಆ ದೃಶ್ಯವನ್ನು ಪಾತ್ರ ಹಂಚಿಕೊಂಡು ಓದಿದೆವು. ತಂದೆಯ ಪಾತ್ರಕ್ಕೆ ಪೈಪೋಟಿ, ಬೈಯಲು ಸಿಗುತ್ತದಲ್ಲ! ದಾದಿಯ ಪಾತ್ರಕ್ಕೆ ಮಾತ್ರ ಯಾರೂ ಬರಲಿಲ್ಲ. ನಾನೇ ಓದಿದೆ. ಓದಿ ಮುಗಿಸಿ, ಹಲಗೆಯ ಮೂಲೆಯಲ್ಲಿ ಮಕ್ಕಳ ಸಹಾಯವಾಣಿಯ ನಂಬರು 1098 ಬರೆದು, “ಇದರಾಗ ಹೇಳಾಕ ಆಗದಿದ್ರ ನನ್ನ ಮನಿಗೆ ಬರ್ರಿ, ಗಬ್ಬೂರಾಗ ಯಾರನ್ನ ಕೇಳಿದ್ರೂ ತೋರಸ್ತಾರ” ಎಂದೆ.