ಅರುಳಪ್ಪನವರ ಮಠದಲ್ಲಿ ಊಟಕ್ಕೆ ಕೂತವರು

ಮುನವಳ್ಳಿ ಕಡೆಯವರಿಗೆ ಮಠ ಅಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಕಾವಿ, ಜೋಳಿಗೆ, ದಾಸೋಹ, ವರ್ಷಕ್ಕೊಮ್ಮೆ ಜಾತ್ರೆ, ಮನೆಯಲ್ಲಿ ಜಗಳವಾದರೆ ಸ್ವಾಮಿಗಳ ಮುಂದೆ ಪಂಚಾಯ್ತಿ. ಪಕ್ಕದ ಬೈಲಹೊಂಗಲ ಸೀಮೆಯ ದೇಶನೂರಿನಲ್ಲೂ ಒಂದು ಮಠವಿದೆ. ಹೆಸರು ಸ್ನಾನಿಕ ಅರುಳಪ್ಪನವರ ವಿರಕ್ತ ಮಠ. ಅದು ಕ್ಯಾಥೊಲಿಕ್ ಚರ್ಚು.

ಇದರ ಬಗ್ಗೆ ನಾನು ಓದಿದ ಬರಹಗಳು ಹೆಚ್ಚಾಗಿ ಕಾವಿಯಿಂದ ಶುರುವಾಗಿ ಸೌಹಾರ್ದದಲ್ಲಿ ಮುಗಿಯುತ್ತವೆ. ಯೇಸುಸಭೆಯ ಪಾದ್ರಿ ಅರ್ಮಾಂಡೊ ಅಲ್ವಾರಿಸರು ಅನಿಮಾನಂದ ಸ್ವಾಮಿಯಾದದ್ದು, ಕಾವಿ ತೊಟ್ಟದ್ದು, ಸಸ್ಯಾಹಾರ ಹಿಡಿದದ್ದು. ಎಲ್ಲ ಸ್ವಾಮಿಗಳ ಕಥೆಯೇ. ಪೂಜೆಗೆ ಬಂದು ಕೂತ ಜನ ಅದರಲ್ಲಿಲ್ಲ. ನಾನು ಸಾಹಿತ್ಯದ ವಿದ್ಯಾರ್ಥಿ. ಹಾಗಾಗಿ ಮೊದಲು ಆ ಹೆಸರನ್ನೇ ಓದಿ ನೋಡುತ್ತೇನೆ.

ಅರುಳಪ್ಪ ಅಂದರೆ ಯೋಹಾನ. ಹೀಬ್ರೂವಿನಲ್ಲಿ ಆ ಹೆಸರಿಗೆ ದೇವರ ಕೃಪೆ ಎಂಬ ಅರ್ಥವಿದೆ. ತಮಿಳು ಕ್ಯಾಥೊಲಿಕರು ಧ್ವನಿಯನ್ನು ಬಿಟ್ಟು ಅರ್ಥವನ್ನು ಹಿಡಿದು ‘ಅರುಳ್’ ಎಂದರು. ಪ್ರೊಟೆಸ್ಟೆಂಟರ ಕನ್ನಡ ಬೈಬಲ್ಲು ಯೋಹಾನ ಎಂದೇ ಉಳಿಸಿಕೊಂಡಿತು. ತಮಿಳಿನಿಂದ ಬಂದ ಈ ಅರುಳಪ್ಪ ನಮ್ಮ ಸೀಮೆಯಲ್ಲಿ ಕಲ್ಲಪ್ಪ, ಯಲ್ಲಪ್ಪ, ಬಸಪ್ಪರ ಸಾಲಿನಲ್ಲಿ ಸದ್ದಿಲ್ಲದೆ ಕೂತುಬಿಡುತ್ತಾನೆ. ಯೋಹಾನನಿಗೆ ಅದು ಸಾಧ್ಯವಿರಲಿಲ್ಲ.

ಇನ್ನು ‘ವಿರಕ್ತ’. ಅಡವಿಯಲ್ಲಿ ಒಂಟೆಯ ರೋಮದ ಬಟ್ಟೆ ತೊಟ್ಟು ಅಲೆದ ಸ್ನಾನಿಕನಿಗೆ ಇದಕ್ಕಿಂತ ಒಪ್ಪುವ ಮಾತು ಕನ್ನಡದಲ್ಲಿಲ್ಲ. ವಿರಕ್ತ ಪರಂಪರೆ ತನ್ನ ಮೂಲವನ್ನು ಅಲ್ಲಮನ ಶೂನ್ಯಪೀಠದಲ್ಲಿ ಕಾಣುತ್ತದೆ. ಹೀಗಾಗಿ ಹೆಸರಿಟ್ಟವರು ಬರೀ ವೇಷ ಎರವಲು ತಂದರು ಎನ್ನಲಾಗದು. ಎರಡು ವೈರಾಗ್ಯಗಳ ನಡುವಿನ ಹೋಲಿಕೆಯನ್ನು ಅವರು ಗುರುತಿಸಿದ್ದರು. ಇಲ್ಲಿಯವರೆಗೆ ನನ್ನ ತಕರಾರಿಲ್ಲ.

ತಕರಾರು ಊಟದ್ದು. ಸುವಾರ್ತೆಯ ಪ್ರಕಾರ ಸ್ನಾನಿಕನ ಆಹಾರ ಮಿಡತೆ ಮತ್ತು ಕಾಡುಜೇನು. ಮಿಡತೆ ತಿಂದು ಬದುಕಿದವನ ಮಠದಲ್ಲಿ ಸಸ್ಯಾಹಾರ! ನಗು ಬರುತ್ತದೆ ನಿಜ, ಆದರೆ ಪ್ರಶ್ನೆ ಗಂಭೀರ. ‘ಸ್ಥಳೀಯ ಸಂಸ್ಕೃತಿ’ಗೆ ಒಗ್ಗಿಕೊಳ್ಳುವಾಗ ಊರಿನ ಯಾವ ಅಡುಗೆಮನೆಯನ್ನು ಸ್ಥಳೀಯ ಎಂದು ಆರಿಸಿಕೊಂಡರು? ಲಿಂಗಾಯತ ಮಠದ ಶಿಸ್ತು ಈ ಸೀಮೆಯ ಒಂದು ಸಂಸ್ಕೃತಿ. ಯಲ್ಲಮ್ಮನ ಗುಡ್ಡಕ್ಕೆ ಚೌಡಿಕೆ ಹಿಡಿದು ಹೋಗುವವರದ್ದೂ, ಕೇರಿಯವರದ್ದೂ ಸಂಸ್ಕೃತಿಯೇ. ಚರ್ಚು ಚೌಡಿಕೆಯನ್ನು ಆರಿಸಿಕೊಳ್ಳಲಿಲ್ಲ, ಕಾವಿಯನ್ನು ಆರಿಸಿಕೊಂಡಿತು.

ಇದು ದೇಶನೂರಿನದೊಂದೇ ಕಥೆಯಲ್ಲ. 1606ರಲ್ಲಿ ಮಧುರೆಗೆ ಬಂದ ರಾಬರ್ಟೊ ಡಿ ನೊಬಿಲಿ, ಇವನೂ ಯೇಸುಸಭೆಯವನೇ, ಬ್ರಾಹ್ಮಣ ಸನ್ಯಾಸಿಯಂತೆ ಬಾಳಿದ. ಸಂಗಡಿಗರೇ ಆಕ್ಷೇಪಿಸಿದರು, 1623ರಲ್ಲಿ ಪೋಪ್ ಒಪ್ಪಿಗೆ ಕೊಟ್ಟರು. ಮುಂದೆ ಕೆಳಜಾತಿಯವರ ನಡುವೆ ಕೆಲಸ ಮಾಡಲು ಪಂಡಾರಸ್ವಾಮಿಗಳೆಂಬ ಬೇರೆ ಪಾದ್ರಿಗಳೇ ಬೇಕಾದರು. ವೇಷದ ಜೊತೆ ಪಂಕ್ತಿಭೇದವೂ ಒಳಗೆ ಬಂತು.

ಅನಿಮಾನಂದರನ್ನು ನೊಬಿಲಿಯ ಪಕ್ಕ ನಿಲ್ಲಿಸಿ ತೀರ್ಪು ಕೊಡುವುದು ಅನ್ಯಾಯವಾದೀತು. ವಚನಕಾರರು ಜಾತಿಯನ್ನು ಒಪ್ಪಿದವರಲ್ಲ. ವಿರಕ್ತ ಮಠವೆಂಬ ರೂಪದಲ್ಲಿ ಅವರ ಆ ನಿರಾಕರಣೆಯೂ ಇದೆ, ಆಮೇಲಿನ ಮಠಗಳು ಬೆಳೆಸಿಕೊಂಡ ದೊಡ್ಡಸ್ತಿಕೆಯೂ ಇದೆ. ದೇಶನೂರಿನವರಿಗೆ ಇವೆರಡರಲ್ಲಿ ಯಾವುದು ದಕ್ಕಿತು ಎಂಬುದು ಸ್ವಾಮಿಗಳ ಜೀವನಚರಿತ್ರೆಯಿಂದ ತಿಳಿಯುವುದಿಲ್ಲ.

ಅದಕ್ಕೆ ಸಭೆಯ ಪುಸ್ತಕಗಳನ್ನು ತೆರೆಯಬೇಕು. ಎಲ್ಲ ಕ್ಯಾಥೊಲಿಕ್ ಚರ್ಚಿನಲ್ಲೂ ದೀಕ್ಷಾಸ್ನಾನದ ರಿಜಿಸ್ಟರ್ ಇರುತ್ತದೆ. ಮಗುವಿನ ಹೆಸರು, ತಂದೆ ತಾಯಿ, ಜ್ಞಾನ ತಂದೆ ತಾಯಿ, ತಾರೀಖು. ನಮ್ಮ ವಿಮರ್ಶೆ ಇದನ್ನು ಪಠ್ಯವೆಂದು ಓದುವ ಅಭ್ಯಾಸ ಮಾಡಿಕೊಂಡಿಲ್ಲ. ಯಾರ ಮಗುವಿಗೆ ಯಾರು ಜ್ಞಾನ ತಂದೆಯಾದರು, ಮದುವೆಯ ಸಂಬಂಧ ಯಾವ ಓಣಿ ದಾಟಿತು, ಅಪ್ಪ ಯಲ್ಲಪ್ಪನಾಗಿದ್ದ ಮನೆಯಲ್ಲಿ ಮಗ ಎಂದಿನಿಂದ ಅರುಳಪ್ಪನಾದ. ನಾನು ಎಣಿಸಬೇಕೆಂದಿರುವುದು ಇದನ್ನು.