ಅಗ್ಗದ ಮಸೂರ, ಕೀಟದ ಖಾತೆ

50 ಮಿ.ಮೀ. ಹಳೆಯ ಮಸೂರವೊಂದನ್ನು ಉಂಗುರದ ಸಹಾಯದಿಂದ ಕ್ಯಾಮರಾಕ್ಕೆ ಹಿಂದುಮುಂದಾಗಿ ಜೋಡಿಸಿದರೆ, ದುಬಾರಿ ಮ್ಯಾಕ್ರೋ ಮಸೂರವಿಲ್ಲದೆಯೇ ದುಂಬಿಯ ರೋಮಗಳೂ ಚಿತ್ರದಲ್ಲಿ ಮೂಡುತ್ತವೆ. ಹವ್ಯಾಸಿಗಳ ಈ ಮಿತವ್ಯಯವು ಪ್ರಶಂಸಾರ್ಹವೇ. ಆದರೆ ಕೀಟದಿಂದ ಎರಡು ಮೂರು ಅಂಗುಲದಷ್ಟು ಸಮೀಪಕ್ಕೆ ಹೋಗಬೇಕು. ಸ್ಪಷ್ಟವಾಗಿ ಕಾಣುವ ಆಳವೋ ಒಂದೆರಡು ಮಿಲಿಮೀಟರು. ಕೀಟ ಅಲುಗಿದರೆ ಚಿತ್ರ ಕೆಟ್ಟಿತು. ಆದಕಾರಣ ಕೆಲವರು ಅದನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸಿ, ಹೂವಿನ ಮೇಲೆ ಕೂರಿಸಿ ಚಿತ್ರ ತೆಗೆಯುತ್ತಾರೆ. ಬಣ್ಣವೆಲ್ಲ ಸರಿಯಿದ್ದರೂ, ಹೂವನ್ನು ಹಿಡಿಯದೆ ಮುದುಡಿದ ಕಾಲುಗಳು ಎಷ್ಟೋ ವೇಳೆ ಗುಟ್ಟು ಬಿಟ್ಟುಕೊಡುತ್ತವೆ. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಉಳಿಸಿದ ಹಣವನ್ನು ಚತುರಿಂದ್ರಿಯ ಜೀವಿಯ ಖಾತೆಗೆ ಖರ್ಚು ಬರೆದಂತಾಯಿತು. ಅಂತಹ ಚಿತ್ರವನ್ನು ತಿಳಿದೂ ಬಸದಿಯ ಕ್ಯಾಲೆಂಡರಿಗೆ ಆರಿಸಿದರೆ ಅನುಮೋದನೆಯ ದೋಷ ನಮಗೂ ತಪ್ಪದು. ಮುಂಜಾವಿನ ಚಳಿಯಲ್ಲಿ ಏರೋಪ್ಲೇನ್ ಚಿಟ್ಟೆಯು ಇಬ್ಬನಿ ಹೊತ್ತು, ಬಿಸಿಲೇರುವವರೆಗೆ ತಾನಾಗಿಯೇ ನಿಶ್ಚಲವಾಗಿರುತ್ತದೆ. ಟ್ರಸ್ಟುಗಳು ಅಂತಹ ಚಿತ್ರಗಳನ್ನೇ ಕೇಳಿ ಪಡೆಯಬಹುದು.