ಕಂಪಿಲಿಯ ನಾಡೂ ಕುಮಾರರಾಮನ ಕಾವ್ಯವೂ: ಒಂದು ವಿಮರ್ಶೆ

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಪಾಪಿನಾಯಕನಹಳ್ಳಿಯೆಂಬ ಗ್ರಾಮವಿರುವುದು. ಸಂಸ್ಕೃತಜ್ಞನಾದ ಪರಸ್ಥಳದವನು ಈ ಹೆಸರನ್ನು ಕೇಳಿದೊಡನೆ ಪಾಪಕರ್ಮಿಯಾದ ನಾಯಕನೊಬ್ಬನನ್ನು ಊಹಿಸಿಕೊಳ್ಳುವನು. ಆ ಸೀಮೆಯ ಬಳಕೆಯನ್ನು ಬಲ್ಲವನಿಗೆ ಈ ಭ್ರಾಂತಿಯುಂಟಾಗದು. ಕನ್ನಡವೂ ತೆಲುಗೂ ಬೆರೆತ ಆ ನಾಡಿನಲ್ಲಿ ಪಾಪವೆಂದರೆ ಕೂಸು. ಪಾಪಣ್ಣ, ಪಾಪಯ್ಯ, ಪಾಪಮ್ಮ ಎಂಬಿವು ಮುದ್ದಿನಿಂದ ಇಟ್ಟ ಹೆಸರುಗಳು. ಪಾಪಿನಾಯಕನನ್ನೂ ಆ ಪಂಕ್ತಿಯಲ್ಲಿಯೇ ಎಣಿಸುವುದು ಯುಕ್ತ. ಒಂದೂರಿನ ಹೆಸರಿನಲ್ಲಿ ಆಗುವ ಈ ಬಗೆಯ ತಪ್ಪೇ ಆ ನಾಡಿನ ಪುರಾತನ ಕಥೆಯನ್ನು ಹೇಳುವ ಕಾವ್ಯದ ವಿಷಯದಲ್ಲಿಯೂ ಆಗಿರುವುದರಿಂದ ಅದನ್ನು ಇಲ್ಲಿ ಪರಾಮರ್ಶಿಸಬೇಕಾಗಿದೆ.

ಆ ಕಾವ್ಯವು ನಂಜುಂಡಕವಿಯು ಸುಮಾರು 1525ರಲ್ಲಿ ಸಾಂಗತ್ಯದಲ್ಲಿ ರಚಿಸಿದ ಕುಮಾರರಾಮನ ಕಥೆ. ಕಂಪಿಲಿಯ ರಾಜ್ಯವು ದೆಹಲಿಯ ಮಹಮ್ಮದ ತುಘಲಕನ ಸೈನ್ಯಕ್ಕೆ ಬಿದ್ದುದು 1327ರಲ್ಲಿ. ಎಂದರೆ ಕಥೆಗೂ ಕವಿಗೂ ನಡುವೆ ಸುಮಾರು ಇನ್ನೂರು ವರ್ಷಗಳ ಅಂತರವುಂಟು. ಹಂಪೆಯ ಚರಿತ್ರೆಯನ್ನು ಬರೆಯುವವರು ವಾಡಿಕೆಯಾಗಿ 1336ರಿಂದ ಮೊದಲು ಮಾಡಿ 1565ರಲ್ಲಿ ಮುಗಿಸುವರು. ಅದಕ್ಕೆ ಹಿಂದಿನ ಕಂಪಿಲಿಯು ಅವರಿಗೆ ಪೀಠಿಕೆಯ ಎರಡು ವಾಕ್ಯ ಮಾತ್ರ. 1900ರಲ್ಲಿ ಸಿವೆಲನು ಪ್ರಕಟಿಸಿದ ಪ್ರಸಿದ್ಧ ಗ್ರಂಥವು ಪೋರ್ತುಗೀಸನಾದ ನೂನಿಜನ ವೃತ್ತಾಂತವನ್ನು ಹಿಡಿದು ಆನೆಗೊಂದಿಯ ಅರಸನೆಂದೇ ಕಥೆಯನ್ನು ಆರಂಭಿಸಿತು. 1929ರಲ್ಲಿ ನೇಲಟೂರಿ ವೆಂಕಟರಮಣಯ್ಯನವರು ಕಂಪಿಲಿಯನ್ನೂ ವಿಜಯನಗರವನ್ನೂ ಕುರಿತು ಪ್ರತ್ಯೇಕ ಗ್ರಂಥವನ್ನು ಬರೆದ ಮೇಲೆಯೇ ಈ ಕಥೆಗೆ ಪಂಡಿತಲೋಕದಲ್ಲಿ ತಕ್ಕಷ್ಟು ಮನ್ನಣೆ ದೊರೆತುದು.

ಮನ್ನಣೆಯೇನೋ ದೊರೆಯಿತು, ವಿವೇಚನೆಯು ದೊರೆಯಲಿಲ್ಲ. ಕೆಲವರು ಕಾವ್ಯದಲ್ಲಿರುವುದನ್ನೆಲ್ಲ ನಡೆದ ಸಂಗತಿಯೆಂದು ಸ್ವೀಕರಿಸಿ, ಕಂಪಿಲರಾಯನ ಅರಮನೆಯ ಒಳಗಲಹವೇ ರಾಜ್ಯನಾಶಕ್ಕೆ ಕಾರಣವೆನ್ನುವರು. ಮತ್ತೆ ಕೆಲವರು ಇದೆಲ್ಲವೂ ಲಾವಣಿಗಾರರ ಕಲ್ಪನೆಯೆಂದು ಕಾವ್ಯವನ್ನೇ ಬದಿಗಿಡುವರು. ಇವೆರಡೂ ಕಾವ್ಯಲಕ್ಷಣವನ್ನು ಮರೆತುದರಿಂದ ಬಂದ ದೋಷಗಳು. ದಶರೂಪಕಕಾರನಾದ ಧನಂಜಯನು ಇತಿವೃತ್ತವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರವೆಂದು ಮೂರು ತೆರನಾಗಿ ವಿಂಗಡಿಸಿರುವನು. ನಾಯಕನಿಗಾಗಲಿ ರಸಕ್ಕಾಗಲಿ ಒಗ್ಗದುದನ್ನು ಬಿಟ್ಟುಬಿಡಬೇಕು, ಇಲ್ಲವೆ ಬೇರೆ ರೀತಿಯಲ್ಲಿ ಕಲ್ಪಿಸಿಕೊಳ್ಳಬೇಕು ಎಂಬುದೂ ಅವನ ವಿಧಿಯೇ. ರೂಪಕಕ್ಕೆ ಹೇಳಿದ ಈ ನಿಯಮವು ನಂಜುಂಡನ ಕಾವ್ಯಕ್ಕೂ ಚೆನ್ನಾಗಿ ಸಲ್ಲುತ್ತದೆ. ಅದು ಮಿಶ್ರವಸ್ತುವಿನ ಕಾವ್ಯ. ಯಾವ ಭಾಗವು ಪ್ರಖ್ಯಾತ, ಯಾವುದು ಉತ್ಪಾದ್ಯ ಎಂಬುದನ್ನು ಬಿಡಿಸುವುದೇ ವಿಮರ್ಶಕನ ಕೆಲಸ.

ರತ್ನಾಜಿಯ ಪ್ರಸಂಗವನ್ನು ನೋಡಬಹುದು. ವೃದ್ಧನಾದ ಕಂಪಿಲನ ತರುಣಿಯಾದ ರಾಣಿಯು ಮಲಮಗನಲ್ಲಿ ಅನುರಕ್ತಳಾಗಿ, ಅವನು ಒಪ್ಪದಿರಲು ಅವನ ಮೇಲೆಯೇ ಅಪವಾದವನ್ನು ಹೊರಿಸುವಳು. ತಂದೆಯು ಮಗನ ವಧೆಗೆ ಆಜ್ಞಾಪಿಸುವನು. ಮಂತ್ರಿಯಾದ ಬೈಚಪ್ಪನು ರಾಮನನ್ನು ಗುಟ್ಟಾಗಿ ಉಳಿಸುವನು. ಅಶೋಕನ ಮಗ ಕುಣಾಲನಿಗೂ ತಿಷ್ಯರಕ್ಷಿತೆಗೂ ಸಂಬಂಧಿಸಿದ ಬೌದ್ಧಕಥೆಯನ್ನೂ, ತೆಲುಗು ಕನ್ನಡಗಳೆರಡರಲ್ಲಿಯೂ ಪ್ರಸಿದ್ಧವಾದ ಸಾರಂಗಧರನ ಕಥೆಯನ್ನೂ ಬಲ್ಲವನು ಇದನ್ನು ಅರಮನೆಯ ದಿನಚರಿಯೆಂದು ಹೇಗೆ ನಂಬಿಯಾನು? ಕೊನೆಯ ಯುದ್ಧದಲ್ಲಿ ಬರುವ ಮಾತಂಗಿಯ ವಿಷಯವೂ ಹೀಗೆಯೇ. ದೆಹಲಿಯ ಪಡೆಗೆ ಹೆಂಗಸೊಬ್ಬಳು ನಾಯಕಿಯಾಗಿ ಬರುವುದು ಚರಿತ್ರಕಾರನಿಗೆ ವಿಚಿತ್ರವಾಗಿ ಕಾಣಬಹುದು. ಕವಿಗೆ ಅದು ಅನಿವಾರ್ಯ. ರಾಮನು ಪರನಾರೀಸಹೋದರನೆಂಬ ಬಿರುದನ್ನು ಹೊತ್ತವನು. ಗಂಡಸರಾರೂ ಗೆಲ್ಲಲಾರದ ಅವನನ್ನು ಅವನ ವ್ರತವೇ ಕಟ್ಟಿಹಾಕಬೇಕಾದರೆ ಎದುರಿಗೆ ಹೆಣ್ಣೇ ಬರಬೇಕು. ರತ್ನಾಜಿಯು ವ್ರತದ ಮೊದಲ ಪರೀಕ್ಷೆ, ಮಾತಂಗಿಯು ಕಡೆಯ ಪರೀಕ್ಷೆ. ಈ ಜೋಡಣೆಯು ಕವಿಯ ಕೌಶಲವಲ್ಲದೆ ಕಾಲದ ಕೆಲಸವಲ್ಲ. ಕಾವ್ಯದೃಷ್ಟಿಯಿಂದ ಇದು ಗ್ರಂಥದ ಪ್ರಾಣವೆಂದೇ ಹೇಳಬೇಕು. ಕನ್ನಡದ ಪಂಡಿತರು ಇದನ್ನು ಮೆಚ್ಚದೆ ಅದರಲ್ಲಿ ತಾರೀಖುಗಳನ್ನು ಹುಡುಕುತ್ತ ಕುಳಿತುದು ವಿಷಾದಕರ.

ಇನ್ನು ಪ್ರಖ್ಯಾತಭಾಗ. ದಂಗೆಯೆದ್ದು ಸೋತ ಸುಲ್ತಾನನ ಬಂಧು ಬಹಾವುದ್ದೀನನು ಕಂಪಿಲರಾಯನ ಮರೆಹೊಕ್ಕನೆಂದು ಇಬ್ನ್ ಬತೂತನು ಬರೆದಿರುವನು. ಕೋಟೆಯಲ್ಲಿ ಆಹಾರವು ತೀರಿದಾಗ ರಾಯನು ಅತಿಥಿಯನ್ನು ಶತ್ರುವಿಗೆ ಒಪ್ಪಿಸದೆ ಬೇರೊಬ್ಬ ಅರಸನ ಬಳಿಗೆ ಸಾಗಿಸಿ, ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದ ಮೇಲೆ ತಾನು ಕಾದಾಡಿ ಮಡಿದನಂತೆ. ಕನ್ನಡ ಕಾವ್ಯದಲ್ಲಿಯೂ ಬಹದ್ದೂರನೆಂಬವನು ಕಂಪಿಲನ ಶರಣಾಗತನು. ಸುಲ್ತಾನನ ಓಲಗದಲ್ಲಿದ್ದ ಪರದೇಶಿಯೂ ಕನ್ನಡ ಕವಿಯೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ಮಾತನ್ನು ಹೇಳಿದಾಗ ಅದನ್ನು ಕಲ್ಪಿತವೆನ್ನಲಾಗದು. ಇಸಾಮಿಯ ಪಾರಸೀ ಕಾವ್ಯದಲ್ಲಿ ಕುಮ್ಮಟವೂ ಹೊಸದುರ್ಗವೂ ಹೆಸರಿಸಲ್ಪಟ್ಟಿವೆ. ಕನ್ನಡದ ಕುಮ್ಮಟ ಹೊಸಮಲೆಗಳು ಇವೇ.

ಒಂದು ಸಂಗತಿ ಮಾತ್ರ ಕಾವ್ಯದಲ್ಲಿಲ್ಲ. ರಾಯನ ಮಕ್ಕಳಲ್ಲಿ ಹನ್ನೊಂದು ಮಂದಿ ಸೆರೆಸಿಕ್ಕಿ ದೆಹಲಿಗೆ ಹೋಗಿ ಮುಸಲ್ಮಾನರಾದರೆಂದೂ, ಅವರಲ್ಲಿ ಮೂವರನ್ನು ತಾನೇ ಕಂಡೆನೆಂದೂ ಇಬ್ನ್ ಬತೂತನು ಹೇಳುವನು. ನಂಜುಂಡನು ಇದನ್ನು ಹೇಳಲಿಲ್ಲವೆಂದು ಅದು ಸುಳ್ಳೆನ್ನುವುದಾಗಲಿ, ಅವನನ್ನು ವಂಚಕನೆನ್ನುವುದಾಗಲಿ ಸಲ್ಲದು. ವೀರರಸಕ್ಕೆ ವಿರುದ್ಧವಾದುದನ್ನು ಧನಂಜಯನ ವಿಧಿಯಂತೆ ಕವಿಯು ಬಿಟ್ಟನು. ಕಾವ್ಯದ ಮೌನವು ಪ್ರಮಾಣವಾಗಲಾರದು.

ಉಳಿದುದು ಸ್ಥಳನಿರ್ಣಯ. ಇದರಲ್ಲಿಯೇ ನಿಜವಾದ ತೊಡಕಿರುವುದು. ಹೊಸಮಲೆಯು ಆನೆಗೊಂದಿಯೇ ಎಂದು ಕೆಲವರು, ಸಂಡೂರು ಬೆಟ್ಟಸಾಲಿನ ದುರ್ಗವೆಂದು ಮತ್ತೆ ಕೆಲವರು ವಾದಿಸುವರು. ಹಿಂದೆ ಕುಮ್ಮಟವು ನಿಜಾಮರ ಸೀಮೆಯಲ್ಲಿಯೂ, ಕಂಪ್ಲಿ ಹಂಪೆಗಳು ಮದರಾಸಿನ ಆಧಿಪತ್ಯದಲ್ಲಿಯೂ, ಸಂಡೂರು ಘೋರ್ಪಡೆಯವರ ಸಂಸ್ಥಾನದಲ್ಲಿಯೂ ಇದ್ದುದರಿಂದ ಒಬ್ಬನೇ ಶೋಧಕನು ಮೂರು ಸರಕಾರಗಳ ನೆಲವನ್ನು ತಿರುಗಬೇಕಾಗಿತ್ತು. 1904ರ ಬಳ್ಳಾರಿಯ ಗೆಜೆಟಿಯರು ಮದರಾಸಿನ ಜಿಲ್ಲೆಯ ಗ್ರಂಥ. ಹೊಳೆಯಾಚೆಯ ಕುಮ್ಮಟವು ಅದರ ವ್ಯಾಪ್ತಿಗೆ ಸೇರಿದುದಲ್ಲ. ಈಗ ಎಲ್ಲವೂ ಕರ್ನಾಟಕವೇ ಆದರೂ ಎಲ್ಲೆಗಳು ಅಳಿದಿಲ್ಲ: 1997ರಿಂದ ಕುಮ್ಮಟವು ಕೊಪ್ಪಳ ಜಿಲ್ಲೆಗೆ ಸೇರಿದೆ, 2021ರಲ್ಲಿ ಹೊಸಪೇಟೆ ಹಂಪೆಗಳು ವಿಜಯನಗರ ಜಿಲ್ಲೆಗೆ ಹೋದುವು, ಕಂಪ್ಲಿ ಸಂಡೂರುಗಳು ಬಳ್ಳಾರಿಯಲ್ಲಿ ಉಳಿದುವು. ಜಿಲ್ಲೆಗೊಂದರಂತೆ ಚರಿತ್ರೆಯನ್ನು ಬರೆಯಿಸುವ ಪದ್ಧತಿಯಿಂದ ಕುಮಾರರಾಮನು ಮೂರು ಸಂಪುಟಗಳಲ್ಲಿ ತುಂಡುತುಂಡಾಗಿ ಬರಬೇಕಾಗುವುದು.

ಅಷ್ಟರಲ್ಲಿ ಪ್ರಮಾಣವೇ ಕರಗಬಹುದು. ಸಂಡೂರು ಹೊಸಪೇಟೆಗಳ ಬೆಟ್ಟಗಳು ಕಬ್ಬಿಣದ ಅದಿರಿನವು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಅಗೆತವನ್ನು ನಿಲ್ಲಿಸಿತು. ಆ ಮೇಲೆ ನಿಬಂಧನೆಗಳೊಡನೆ ಅದು ಮರಳಿ ನಡೆಯಿತು. ಕಾವ್ಯದ ಪಾಠಾಂತರಗಳು ಓಲೆಗಳಲ್ಲಿ ಇನ್ನಷ್ಟು ಕಾಲ ಕಾದಿರಬಲ್ಲವು. ಅದಿರಿನ ಬೆಟ್ಟದ ಮೇಲಿನ ಕೋಟೆಗೋಡೆಗೆ ಪ್ರತಿಯಿಲ್ಲ. ಆದಕಾರಣ ನಂಜುಂಡನ ಗ್ರಂಥವನ್ನು ಮುಂದೆ ಸಂಪಾದಿಸುವವರು ಓಲೆಯ ಪ್ರತಿಗಳನ್ನು ಕೂಡಿಸುವುದಕ್ಕೆ ಮೊದಲು ಅದರಲ್ಲಿ ಬರುವ ಊರು, ಕಣಿವೆ, ಬಾಗಿಲು, ಕೆರೆಗಳ ಪಟ್ಟಿಯನ್ನು ಹಿಡಿದು ಹೊಳೆಯ ಎರಡು ದಡಗಳನ್ನೂ ಕಾಲುನಡಿಗೆಯಿಂದ ನೋಡಿಬರುವುದು ಲೇಸು.